ಮತಪತ್ರದಲ್ಲಿ ಇಲ್ಲದ ಹೆಸರು



ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ 2016ರ ಜೂನ್ 7ರಂದು ಮತ ಹಾಕಿದವರಿಗೆ ನ್ಯಾಯಾಧೀಶ ಏರನ್ ಪರ್ಸ್ಕಿಯವರ ಹೆಸರು ಮತಪತ್ರದಲ್ಲಿ ಕಾಣಿಸಲಿಲ್ಲ. ಅವರೆದುರು ಯಾರೂ ಸ್ಪರ್ಧಿಸಿರಲಿಲ್ಲ. ಎದುರಾಳಿಯಿಲ್ಲದ ನ್ಯಾಯಾಧೀಶರ ಹೆಸರನ್ನು ಅಲ್ಲಿ ಸಾಮಾನ್ಯವಾಗಿ ಮುದ್ರಿಸುವುದೂ ಇಲ್ಲ. ಹೀಗೆ ಒಂದೇ ಒಂದು ಮತವೂ ಬೀಳದೆ ಅವರು ಇನ್ನೊಂದು ಆರು ವರ್ಷದ ಅವಧಿಗೆ ಆಯ್ಕೆಯಾದರು.

ಅದಕ್ಕೆ ಐದು ದಿನ ಮುಂಚೆ, ಜೂನ್ 2ರಂದು, ಅವರು ಒಂದು ಶಿಕ್ಷೆಯನ್ನು ವಿಧಿಸಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಜ್ಞೆತಪ್ಪಿದ್ದ ಯುವತಿಯೊಬ್ಬಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ವಿದ್ಯಾರ್ಥಿ, ಹೆಸರಾಂತ ಈಜುಗಾರ, ಮೂರು ಆರೋಪಗಳಲ್ಲಿ ತಪ್ಪಿತಸ್ಥನೆಂದು ಜ್ಯೂರಿ ತೀರ್ಮಾನಿಸಿತ್ತು. ಸರ್ಕಾರಿ ವಕೀಲರು ಆರು ವರ್ಷದ ಸೆರೆವಾಸ ಕೇಳಿದರು. ಪರ್ಸ್ಕಿ ಕೊಟ್ಟದ್ದು ಆರು ತಿಂಗಳ ಜೈಲು, ಮೂರು ವರ್ಷದ ಪ್ರೊಬೇಷನ್. ದೀರ್ಘ ಸೆರೆವಾಸ ಆ ಯುವಕನ ಮೇಲೆ ತೀವ್ರ ಪರಿಣಾಮ ಬೀರುತ್ತದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಆತ ಮೂರೇ ತಿಂಗಳಲ್ಲಿ ಹೊರಬಂದ. ಆದರೆ ಸಂತ್ರಸ್ತೆ ನ್ಯಾಯಾಲಯದಲ್ಲಿ ಓದಿದ ಹೇಳಿಕೆಯನ್ನು ಅಷ್ಟರಲ್ಲಿ ಲಕ್ಷಾಂತರ ಜನ ಓದಿಯಾಗಿತ್ತು.

ಪರ್ಸ್ಕಿ ಅದೇ ಸ್ಟ್ಯಾನ್‌ಫರ್ಡ್‌ನ ಪದವೀಧರರು, ಅಲ್ಲಿ ಲಕ್ರಾಸ್ ಆಡಿದವರು. ಅದಕ್ಕಿಂತ ಗಮನಾರ್ಹವಾದ ಸಂಗತಿ ಇನ್ನೊಂದಿದೆ: ಪೀಠವೇರುವ ಮುನ್ನ ಅವರು ಅದೇ ಕೌಂಟಿಯಲ್ಲಿ ಲೈಂಗಿಕ ಅಪರಾಧಗಳ ಮೊಕದ್ದಮೆ ನಡೆಸಿದ ಸರ್ಕಾರಿ ವಕೀಲರಾಗಿದ್ದರು. 2002ರಲ್ಲಿ ನ್ಯಾಯಾಧೀಶ ಸ್ಥಾನಕ್ಕೆ ಚುನಾವಣೆಗೆ ನಿಂತು ಸೋತರು. ಮರುವರ್ಷ ಗವರ್ನರ್ ಗ್ರೇ ಡೇವಿಸ್ ಅವರನ್ನು ಸುಪೀರಿಯರ್ ಕೋರ್ಟಿಗೆ ನೇಮಿಸಿದರು. ಮತದಾರ ಒಪ್ಪದಿದ್ದವರು ನೇಮಕದ ಬಾಗಿಲಿನಿಂದ ಒಳಬಂದರು. ಇದರಲ್ಲಿ ಅಕ್ರಮವೇನೂ ಇಲ್ಲ, ಖಾಲಿಯಾದ ಸ್ಥಾನಗಳನ್ನು ಅಲ್ಲಿ ತುಂಬುವ ರೀತಿಯೇ ಅದು.

ಕರ್ನಾಟಕದಲ್ಲಿ ಬೆಳೆದವರಿಗೆ ಈ ವ್ಯವಸ್ಥೆ ವಿಚಿತ್ರವಾಗಿ ತೋರುವುದು ಸಹಜ. ಅಲ್ಲಿ ಜಿಲ್ಲಾ ನ್ಯಾಯಾಧೀಶರನ್ನು ರಾಜ್ಯಪಾಲರು ಹೈಕೋರ್ಟಿನೊಡನೆ ಸಮಾಲೋಚಿಸಿ ನೇಮಿಸುತ್ತಾರೆ. ಅಧೀನ ನ್ಯಾಯಾಲಯಗಳ ಹತೋಟಿಯೆಲ್ಲ ಹೈಕೋರ್ಟಿನ ಕೈಯಲ್ಲಿ. ಊರಿನಲ್ಲಿ ಪಂಚಾಯಿತಿ ಸದಸ್ಯನನ್ನು ಆರಿಸಿದವರು ಸನ್ನಿವೇಲ್, ಕುಪರ್ಟಿನೋಗಳಲ್ಲಿ ಪೌರತ್ವ ಪಡೆದ ಮೇಲೆ ನ್ಯಾಯಾಧೀಶನ ಹಣೆಬರಹವನ್ನೂ ಬರೆಯಬೇಕಾಗುತ್ತದೆ. ಎರಡು ವರ್ಷಗಳ ನಂತರ ಅವರ ಕೈಗೆ ಬಂದದ್ದು ಅಂಥದೇ ಮತಪತ್ರ.

ಚುನಾಯಿತರನ್ನು ಅವಧಿಗೆ ಮುನ್ನವೇ ಕೆಳಗಿಳಿಸುವ ರೀಕಾಲ್ ಅಧಿಕಾರವನ್ನು ಕ್ಯಾಲಿಫೋರ್ನಿಯಾದ ಜನ 1911ರಲ್ಲಿ ಸಂವಿಧಾನಕ್ಕೆ ಸೇರಿಸಿಕೊಂಡರು. ಸ್ಟ್ಯಾನ್‌ಫರ್ಡಿನ ಕಾನೂನು ಪ್ರಾಧ್ಯಾಪಕಿ ಮಿಷೆಲ್ ಡಾಬರ್ ಅದನ್ನು ಕೈಗೆತ್ತಿಕೊಂಡರು. ನ್ಯಾಯಾಂಗ ನಡವಳಿಕೆಯ ಆಯೋಗ 2016ರ ಡಿಸೆಂಬರಿನಲ್ಲಿ ಪರ್ಸ್ಕಿಯವರಲ್ಲಿ ದುರ್ನಡತೆ ಕಾಣುವುದಿಲ್ಲವೆಂದು ಹೇಳಿದ ಮೇಲೂ ರೀಕಾಲ್ ಅಭಿಯಾನ ನಿಲ್ಲಲಿಲ್ಲ. ಶಿಕ್ಷೆಯನ್ನು ಒಪ್ಪದಿದ್ದ ಜಿಲ್ಲಾ ಅಟಾರ್ನಿ ಜೆಫ್ ರೋಸನ್ ಕೂಡ ರೀಕಾಲ್ ಬೇಡವೆಂದರು. ಬಡ ಆಪಾದಿತರ ಪರವಾಗಿ ವಾದಿಸುವ ಪಬ್ಲಿಕ್ ಡಿಫೆಂಡರುಗಳಲ್ಲಿ ಬಹಳ ಮಂದಿಯದೂ ಅದೇ ಮಾತು. ಮೇಲ್ಮನವಿ ಬಾಕಿಯಿದ್ದುದರಿಂದ ಪರ್ಸ್ಕಿ ಆ ಪ್ರಕರಣದ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. ರಾಜಕಾರಣಿಗೆ ಇಂಥ ಮೌನದ ಕಟ್ಟುಪಾಡಿಲ್ಲ. 2018ರ ಜೂನ್ 5ರಂದು ನೂರಕ್ಕೆ ಸುಮಾರು 61 ಮಂದಿ ಅವರನ್ನು ಕೆಳಗಿಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ 1932ರ ನಂತರ ನ್ಯಾಯಾಧೀಶರೊಬ್ಬರು ಹೀಗೆ ಹೊರಬಿದ್ದದ್ದು ಅದೇ ಮೊದಲು. ಅವರ ಜಾಗಕ್ಕೆ ಆಯ್ಕೆಯಾದವರು ಸಿಂಡಿ ಹೆಂಡ್ರಿಕ್ಸನ್, ಒಬ್ಬ ಪ್ರಾಸಿಕ್ಯೂಟರ್.

ಪ್ರಗತಿಪರರ ಬಳಗ ಈ ಪ್ರಶ್ನೆಯಲ್ಲಿ ಎರಡಾಗಿ ಸೀಳಿತು. ಹೆಣ್ಣಿನ ನೋವಿಗಿಂತ ಈಜುಗಾರನ ಭವಿಷ್ಯವೇ ಭಾರವಾಗಿ ತೂಗಿದ ನ್ಯಾಯವನ್ನು ಒಪ್ಪಲು ಸಾಧ್ಯವೇ ಇಲ್ಲ. ಆ ಕೋಪ ನ್ಯಾಯವಾದದ್ದೇ. ಆದರೆ ಕೋಪ ಹಿಡಿದ ಆಯುಧವನ್ನೂ ನೋಡಬೇಕು. ಅಂದು ಎಷ್ಟೋ ಮಂದಿ ಅದನ್ನು ನೋಡಲಿಲ್ಲ. ಸ್ಯಾನ್‌ಫರ್ಡ್ ಗಾರ್ಡನ್ ಮತ್ತು ಸಿದಕ್ ಯಿಂಟಿಸೊ ಎಂಬ ರಾಜ್ಯಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಆರು ಕೌಂಟಿಗಳ ಶಿಕ್ಷೆಗಳನ್ನು ಪರಿಶೀಲಿಸಿದರು. ರೀಕಾಲ್ ಘೋಷಣೆಯಾದ ಬೆನ್ನಿಗೆ ಇತರ ನ್ಯಾಯಾಧೀಶರ ಶಿಕ್ಷೆಗಳು ಸರಾಸರಿ ಸುಮಾರು 30 ಶೇಕಡಾ ದೀರ್ಘವಾದದ್ದು ಅವರಿಗೆ ಕಂಡಿತು. ಪರ್ಸ್ಕಿಯ ದಯೆ ಹೋಗಿ ತಲುಪಿದ್ದು ಒಬ್ಬ ಬಿಳಿಯ ಕ್ರೀಡಾಪಟುವನ್ನು. ಉಳಿದ ನ್ಯಾಯಾಧೀಶರ ಭಯ ಹೋಗಿ ತಗುಲಿದ್ದು ಆಪಾದಿತರ ಕಟಕಟೆಯಲ್ಲಿ ದಿನನಿತ್ಯ ನಿಲ್ಲುವವರನ್ನು. ಆ ಕಟಕಟೆಯಲ್ಲಿ ಕಪ್ಪು ಮತ್ತು ಲ್ಯಾಟಿನೋ ಜನರ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಹೆಚ್ಚು.

ಇನ್ನೊಂದು ಬದಲಾವಣೆ ರೀಕಾಲ್‌ಗೂ ಮುಂಚೆಯೇ ಆಗಿಹೋಗಿತ್ತು. 2016ರ ಸೆಪ್ಟೆಂಬರಿನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಕಾನೂನು, ಪ್ರಜ್ಞೆಯಿಲ್ಲದವರ ಮೇಲಿನ ಇಂಥ ದೌರ್ಜನ್ಯಕ್ಕೆ ಪ್ರೊಬೇಷನ್ನಿನ ಅವಕಾಶವನ್ನೇ ತೆಗೆದುಹಾಕಿ ಸೆರೆಮನೆಯನ್ನು ಕಡ್ಡಾಯಗೊಳಿಸಿತು. ಇನ್ನು ಮುಂದೆ ಆ ಕೌಂಟಿಯ ಯಾವ ನ್ಯಾಯಾಧೀಶರೂ, ಮತದಾರರಿಗೆ ಅಂಜುವವರಾಗಲಿ ಅಂಜದವರಾಗಲಿ, ಪರ್ಸ್ಕಿ ಕೊಟ್ಟ ಆ ಶಿಕ್ಷೆಯನ್ನು ಕೊಡುವಂತಿರಲಿಲ್ಲ. ಹಾಗಿದ್ದೂ ರೀಕಾಲ್ ಅಭಿಯಾನ ಮುಂದುವರಿಯಿತು.