ನಡಾವಳಿ ಪುಸ್ತಕ ಮತ್ತು ನಮ್ಮ ಹುಡುಗಿಯರು

(ಹಾಸ್ಟೆಲ್ ವಿದ್ಯಾರ್ಥಿನಿಯರ ಶಿಬಿರದಲ್ಲಿ ಆಡಿದ ಮಾತು)

ಗೆಳತಿಯರೇ, ಹಿಂದೆ ಕೂತಿರೋ ಗೆಳೆಯರೇ,

ನಾಯಕತ್ವ ತರಬೇತಿ ಅಂದಕೂಡಲೆ ಮೈಕ್ ಹಿಡಿಯೋದು ಕಲಿಸ್ತಾರೆ ಅಂತ ನೀವು ಬಂದಿರಬಹುದು. ಭಾಷಣ ಆಮೇಲೆ ನೋಡೋಣ. ಇವತ್ತು ನಾವು ಪಂಚಾಯ್ತಿಯ ನಡಾವಳಿ ಪುಸ್ತಕದ ಬಗ್ಗೆ ಮಾತಾಡಬೇಕೆಂದಿದ್ದೇವೆ.

ಮೊದಲು ಒಂದು ಹಳೆಯ ಸಂಗತಿ. 1942ರ ಜುಲೈನಲ್ಲಿ ನಾಗಪುರದಲ್ಲಿ ದಲಿತ ಹೆಂಗಸರ ಅಖಿಲ ಭಾರತ ಸಮ್ಮೇಳನ ಸೇರಿತು. ಅಧ್ಯಕ್ಷೆ ಸುಲೋಚನಾಬಾಯಿ ಡೋಂಗ್ರೆ. ಬಾಬಾಸಾಹೇಬರೂ ಬಂದು ಮಾತಾಡಿದರು. ಅಲ್ಲಿ ಆದ ಠರಾವುಗಳಲ್ಲಿ ಹುಡುಗಿಯರಿಗೆ ಹಾಸ್ಟೆಲ್ ಬೇಕು ಅನ್ನೋದೂ ಇತ್ತು, ಶಾಸನಸಭೆಗಳಲ್ಲಿ ಹೆಂಗಸರಿಗೆ ಸ್ಥಾನ ಮೀಸಲಿಡಬೇಕು ಅನ್ನೋದೂ ಇತ್ತು. ಎರಡೂ ಒಂದೇ ಚಪ್ಪರದ ಕೆಳಗೆ ಎದ್ದ ಬೇಡಿಕೆ. ಹಾಸ್ಟೆಲ್ ಅನ್ನ ಉಣ್ಣೋ ನಾವು ಇದನ್ನ ತಿಳಿದಿರಬೇಕು.

ನಮ್ಮ ರಾಜ್ಯದ 1983ರ ಕಾಯ್ದೆ ಹೆಂಗಸರಿಗೆ ಶೇಕಡ 25 ಸ್ಥಾನ ಕೊಟ್ಟಿತು, 1987ರಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಆಯ್ತು. 1993ರ ಕಾಯ್ದೆಯಲ್ಲಿ ಅದು ಮೂರನೇ ಒಂದು ಭಾಗ, 2010ರಲ್ಲಿ ಅರ್ಧ. ಲೋಕಸಭೆ, ವಿಧಾನಸಭೆಗೆ 2023ರಲ್ಲಿ ಕಾನೂನು ಪಾಸು ಮಾಡಿದರು, ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೇ ಜಾರಿ ಅಂತ ಷರತ್ತೂ ಹಾಕಿದರು.

ಸರಿ, ಕಾಯ್ದೆ ಕುರ್ಚಿ ಕೊಟ್ಟಿತು. ಕೂರೋರು ಯಾರು? ಎಷ್ಟೋ ಊರುಗಳಲ್ಲಿ ಕೇರಿಯ ಹೆಣ್ಣುಮಗಳು ಅಧ್ಯಕ್ಷೆ, ಸಭೆ ನಡೆಸೋನು ಗಂಡ, ಗಂಡನ ಹಿಂದೆ ಊರಗೌಡ. "ಇಲ್ಲೊಂದು ಸೈನ್ ಹಾಕಮ್ಮ" ಅಂತ ಪುಸ್ತಕ ಮನೆ ಬಾಗಿಲಿಗೇ ಬರ್ತದೆ. ಕೆಲವು ಸಲ ಹಾಳೆಯೇ ಖಾಲಿ. ಬರೆಯೋದು ಆಮೇಲೆ. ಕೇರಿಗೆ ಬರಬೇಕಾದ ಚರಂಡಿ ಊರೊಳಕ್ಕೆ ಹೋಗೋದು, ಮನೆ ಪಟ್ಟಿಯಲ್ಲಿ ಹೆಸರು ಬದಲಾಗೋದು ಆ ಖಾಲಿ ಹಾಳೆಯಲ್ಲೇ. ನಾಳೆ ತನಿಖೆ ಬಂದರೆ ಉತ್ತರ ಹೇಳಬೇಕಾದೋಳು ಸೈನ್ ಹಾಕಿದೋಳು!

ಗೌಡರನ್ನ ಬೈದರೆ ಚಪ್ಪಾಳೆ ಬೀಳ್ತದೆ, ಗೊತ್ತು. ನಮ್ಮ ಕಡೆಯ ಸಭೆಗಳಲ್ಲೂ ಟೀ ಹಂಚೋಕೆ ಹುಡುಗಿಯರು, ವೇದಿಕೆಗೆ ಅಣ್ಣಂದಿರು. ಹಿಂದೆ ಕೂತೋರು ಕೇಳಿಸ್ಕೊಳ್ಳಿ.

ಆದ್ದರಿಂದ ನಮ್ಮ ತರಬೇತಿ ಹೀಗೆ. ಸಭೆಯ ನೋಟೀಸು ಬಂದಾಗ ಅದರಲ್ಲಿ ಯಾವ ವಿಷಯ ಬಿಟ್ಟಿದ್ದಾರೆ ಅಂತ ಹುಡುಕೋದು. ಠರಾವನ್ನ ಗಟ್ಟಿಯಾಗಿ ಓದಿಸೋದು. ಬರೆದು ಮುಗಿದ ಮೇಲೆ, ಸಾಲು ಸೇರಿಸೋಕೆ ಜಾಗ ಬಿಡದ ಹಾಗೆ ಸಹಿ ಮಾಡೋದು. ಒಪ್ಪಿಗೆ ಇಲ್ಲದಿದ್ದರೆ "ನನ್ನ ವಿರೋಧ ಬರೀರಿ" ಅನ್ನೋದು. ಈ ಮೂರು ಪದ ಹೇಳೋವಾಗ ಗಂಟಲು ಹೇಗೆ ಕಟ್ತದೆ ಅಂತ ಹೇಳಿದೋರಿಗೇ ಗೊತ್ತು. ಜಮಾಬಂದಿ ದಿನ ಬಿಲ್ಲು ಹಿಡಕೊಂಡು ಹೋಗಿ ಕಾಮಗಾರಿ ಜೊತೆ ತಾಳೆ ನೋಡೋದು.

ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡ್ತದೆ, ಒಳ್ಳೇದೇ. ಅದು ಗೆದ್ದ ಮೇಲೆ ಬರೋದು. ನಮಗೆ ಗೆಲ್ಲೋಕೆ ಮೊದಲೇ ಬೇಕು. ಪಂಚಾಯ್ತಿಗೆ ನಿಲ್ಲೋಕೆ 21 ವರ್ಷ ತುಂಬಿದರೆ ಆಯ್ತು. ಡಿಗ್ರಿ ಮುಗಿಸೋ ಹೊತ್ತಿಗೆ ನಿಮ್ಮಲ್ಲಿ ಬಹಳ ಜನಕ್ಕೆ ಅಷ್ಟಾಗಿರ್ತದೆ.

ಅಲ್ಲೀತನಕ ಹಾಸ್ಟೆಲ್ಲೇ ಪಾಠಶಾಲೆ. ಎಷ್ಟು ಅಕ್ಕಿ ಬಂತು, ಎಷ್ಟು ಬೆಂದಿತು, ದಾಸ್ತಾನು ಪುಸ್ತಕ ಕೇಳಿ. ಗದರ್ತಾರೆ. ಒಬ್ಬಳೇ ಹೋಗಬೇಡಿ, ನಾಲ್ಕು ಜನ ಹೋಗಿ, ಅರ್ಜಿ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ.

ಈಗ ಊಟ. ಆಮೇಲೆ ಇಲ್ಲೇ ಒಂದು ಪಂಚಾಯ್ತಿ ಸಭೆ ನಡೆಸಿ ನೋಡೋಣ. ವಿಷಯ: ಕೇರಿಯ ಕುಡಿಯೋ ನೀರು. ಅಧ್ಯಕ್ಷೆ ಯಾರು ಅಂತ ಹುಡುಗಿಯರು ಆರಿಸ್ಕೊಳ್ಳಿ. ಹುಡುಗರು ಟೀ ಹಂಚಿ ಬಂದು ನಡಾವಳಿ ಬರೀರಿ.