ಮಗುವಿನ ಕಲಿಕೆಗೆ ಮಗುವೇ ಸಾಕ್ಷಿ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಗು ಶಾಲೆಯಿಂದ ಮರಳಿದೊಡನೆ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಅಂಕ?’ ಎಂಬುದಾಗಿದೆ. ‘ಇಂದು ಏನು ಕಲಿತೆ?’ ಎಂದು ಕೇಳುವವರು ನಮ್ಮಲ್ಲೆಷ್ಟು ಮಂದಿ? ಅಂಕಪಟ್ಟಿಯನ್ನು ಚೀಲದ ತಳದಲ್ಲಿ ಬಚ್ಚಿಟ್ಟ ಮಗುವನ್ನು ನಾವು ಗದರಿಸುತ್ತೇವೆ. ಆದರೆ ಬಚ್ಚಿಡಲು ಅದಕ್ಕೆ ಕಲಿಸಿದವರು ಯಾರು? ನಾವೇ ಅಲ್ಲವೇ?

ತನ್ನ ಕಲಿಕೆಯನ್ನು ಮಗುವೇ ಗುರುತಿಸಿಕೊಳ್ಳಬೇಕೆಂಬುದು ಹೊಸ ವಿಚಾರವೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ ಆರಂಭವಾದ ನಲಿಕಲಿ ಪದ್ಧತಿಯು ಪಾಠಗಳನ್ನು ಚಿಕ್ಕ ಮೆಟ್ಟಿಲುಗಳಾಗಿ ವಿಂಗಡಿಸಿತು. ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆ, ಮುಂದಿನ ಮೆಟ್ಟಿಲು ಯಾವುದು ಎಂಬುದನ್ನು ಅಲ್ಲಿ ಮಗುವೇ ಕಂಡುಕೊಳ್ಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರಗತಿ ಪತ್ರದಲ್ಲಿ ಶಿಕ್ಷಕರ ಮಾತಿನ ಜೊತೆಗೆ ಮಗುವಿನ ಸ್ವಮೌಲ್ಯಮಾಪನಕ್ಕೂ ಸಹಪಾಠಿಗಳ ಅಭಿಪ್ರಾಯಕ್ಕೂ ಸ್ಥಾನ ನೀಡಬೇಕೆಂದಿತು.

ಆದರೆ ನೀತಿಯು ಕಾಗದದಲ್ಲಿದ್ದರೆ ಸಾಲದು. ಹಲವು ತರಗತಿಗಳನ್ನು ಒಬ್ಬರೇ ಶಿಕ್ಷಕರು ನಿಭಾಯಿಸುವ ಶಾಲೆಯಲ್ಲಿ ಸ್ವಮೌಲ್ಯಮಾಪನವೆಂಬುದು ಭರ್ತಿ ಮಾಡಬೇಕಾದ ಇನ್ನೊಂದು ನಮೂನೆಯಾಗಿ ಬಿಡುತ್ತದೆ. ಸಾಕಷ್ಟು ಶಿಕ್ಷಕರನ್ನು ಒದಗಿಸುವಂತೆ ಸರಕಾರವನ್ನು ಒತ್ತಾಯಿಸುವುದು ನಮ್ಮ ಹಕ್ಕು. ಹಾಗೆಂದು ಮನೆಯ ಹೊಣೆಯಿಂದ ನಾವು ನುಣುಚಿಕೊಳ್ಳುವಂತಿಲ್ಲ.

ಮಗುವಿಗೊಂದು ಸಣ್ಣ ನೋಟ್ ಪುಸ್ತಕ ಕೊಡೋಣ. ವಾರಕ್ಕೊಮ್ಮೆ ಮೂರೇ ಪ್ರಶ್ನೆ: ಈ ವಾರ ಹೊಸದಾಗಿ ಏನು ಬಂತು? ಯಾವುದು ಕಷ್ಟವಾಯಿತು? ಯಾರ ನೆರವು ಬೇಕು? ಒಂದನೆಯ ತರಗತಿಯ ಮಗು ಚಿತ್ರ ಬಿಡಿಸಲಿ. ಬರೆಯಲು ಬಾರದ್ದನ್ನು ಬ್ಯಾರಿಯಲ್ಲೋ ಉರ್ದುವಿನಲ್ಲೋ ಹೇಳಲಿ, ಅಕ್ಕನೋ ಅಣ್ಣನೋ ಬರೆದುಕೊಳ್ಳಲಿ. ಜೂನ್ ತಿಂಗಳ ಕೈಬರಹವನ್ನು ಡಿಸೆಂಬರ್‌ನ ಬರಹದ ಪಕ್ಕದಲ್ಲಿಡೋಣ. ತಾನೆಷ್ಟು ದೂರ ಬಂದಿದ್ದೇನೆಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

ಆ ಪುಸ್ತಕದಲ್ಲಿ ಕೆಂಪು ಶಾಯಿ ಬೇಡ. ಪಕ್ಕದ ಮನೆಯ ಮಗುವಿನ ಹೋಲಿಕೆಯೂ ಬೇಡ. ‘ಭಾಗಾಕಾರ ಅರ್ಥವಾಗಲಿಲ್ಲ’ ಎಂದು ಬರೆದ ಮಗುವಿಗೆ ಏಟು ಬಿದ್ದರೆ, ಮುಂದಿನ ವಾರ ಅದು ‘ಎಲ್ಲವೂ ಅರ್ಥವಾಯಿತು’ ಎಂದು ಬರೆಯುತ್ತದೆ. ಸತ್ಯ ಹೇಳಿದ್ದಕ್ಕೆ ಶಿಕ್ಷೆ ಸಿಗುವ ಮನೆಯಲ್ಲಿ ಆತ್ಮಾವಲೋಕನ ಬೆಳೆಯುವುದಾದರೂ ಹೇಗೆ? ಅದರ ಬದಲು ಆ ಪುಟವನ್ನು ಶಿಕ್ಷಕರಿಗೆ ತೋರಿಸೋಣ. ಎಲ್ಲಿಂದ ಮತ್ತೆ ಕಲಿಸಬೇಕೆಂಬುದು ಅವರಿಗೆ ತಿಳಿಯುತ್ತದೆ.

ತಮಗೆ ಓದು ಬಾರದೆಂದು ಹಿಂಜರಿಯುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಈ ಕೆಲಸಕ್ಕೆ ಅಕ್ಷರ ಬೇಡ, ಕಿವಿ ಸಾಕು. ಮಗು ಹೇಳುವಾಗ ಹತ್ತು ನಿಮಿಷ ಕುಳಿತು ಕೇಳಲು ನಾವು ಸಿದ್ಧರಿದ್ದೇವೆಯೇ? ಇಂದು ರಾತ್ರಿಯೇ ಆರಂಭಿಸೋಣ.