ಜೋಮು ಎಲ್ಲಿ ಹಿಡೀತು ಅಂತ ಹೇಳೋರು ಯಾರು?

ನಾನು ರಾಯಚೂರಿನವನು, ಮಣಿಕೊಂಡದಲ್ಲಿದ್ದು ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಡಾಕ್ಟರ್ ಅಲ್ಲ. ಆದರೂ ಇವತ್ತು ಮಿದುಳಿನ ಆಪರೇಷನ್ ಬಗ್ಗೆ ಮಾತಾಡೋಕೆ ಕಾರಣ ನಮ್ಮ ಸೋದರಮಾವ.

ಮಾವ ದರ್ಜಿ. ಹೋದ ವರ್ಷ ಬಲಗೈಯಲ್ಲಿ ಸೂಜಿ ಹಿಡಿದಿದ್ದೇ ಅವರಿಗೆ ಗೊತ್ತಾಗದಂತಾಯ್ತು. ಇಲ್ಲಿಗೆ ಕರೆಸಿ ಎಂಆರ್‌ಐ ಮಾಡಿಸಿದೆ. ಮಿದುಳಿನ ಎಡಭಾಗದಲ್ಲಿ, ಬಲಗೈಯ ಸ್ಪರ್ಶ ತಿಳಿಯೋ ಜಾಗದ ಪಕ್ಕದಲ್ಲೇ ಗಡ್ಡೆ. “ಎಚ್ಚರ ಇಟ್ಟುಕೊಂಡೇ ಆಪರೇಷನ್ ಮಾಡ್ತೀವಿ” ಅಂದ್ರು ಸರ್ಜನ್. ಅತ್ತೆ ಅಲ್ಲೇ ಕುಸಿದು ಕೂತರು.

ಆಮೇಲೆ ನಾನು ಓದಿ ತಿಳಿದದ್ದು ಇಷ್ಟು. ಮಿದುಳಿಗೆ ತನ್ನದೇ ನೋವು ಗೊತ್ತಾಗೋದಿಲ್ಲ. ನೆತ್ತಿಯ ಚರ್ಮಕ್ಕೆ ಮರಗಟ್ಟೋ ಇಂಜೆಕ್ಷನ್ ಕೊಟ್ಟರೆ, ರೋಗಿ ಮಾತಾಡ್ತಾ ಮಲಗಿರಬಹುದು. ಇದೇ ಹೈದರಾಬಾದಿನ ಗಾಂಧಿ ಆಸ್ಪತ್ರೆಯಲ್ಲಿ 2022ರ ಆಗಸ್ಟ್‌ನಲ್ಲಿ ಹಿರಿಯ ಮಹಿಳೆಯೊಬ್ಬರಿಗೆ ಚಿರಂಜೀವಿಯ ‘ಅಡವಿ ದೊಂಗ’ ತೋರಿಸ್ತಾ, ಮಾತಾಡಿಸ್ತಾ ಗಡ್ಡೆ ತೆಗೆದದ್ದು ಸುದ್ದಿಯಾಗಿತ್ತು.

ಮಿದುಳಿನ ಮೇಲೆ ಒಂದು ಮುಖ್ಯ ಮಡಿಕೆ ಇದೆ. ಅದರ ಮುಂದಿನ ಪಟ್ಟಿ ಚಲನೆಗೆ, ಹಿಂದಿನ ಪಟ್ಟಿ ಸ್ಪರ್ಶಕ್ಕೆ. 1909ರಲ್ಲಿ ಅಮೆರಿಕದ ಹಾರ್ವೆ ಕುಶಿಂಗ್, ಎಚ್ಚರವಿದ್ದ ರೋಗಿಗಳ ಹಿಂದಿನ ಪಟ್ಟಿಗೆ ಸಣ್ಣ ವಿದ್ಯುತ್ ಮುಟ್ಟಿಸಿದಾಗ, ಅವರಿಗೆ ಕೈಯಲ್ಲಿ ಏನೋ ಆದಂತೆ ಅನಿಸಿತು. ಮುಂದೆ ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್, ಸಹೋದ್ಯೋಗಿ ಬೋಲ್ಡ್ರೆ ಜೊತೆ 1937ರಲ್ಲಿ ಇಡೀ ದೇಹದ ನಕ್ಷೆ ಪ್ರಕಟಿಸಿದರು. ಅದರಲ್ಲಿ ಬೆರಳು, ತುಟಿಗಳಿಗೆ ದೊಡ್ಡ ಜಾಗ. ಬೆನ್ನಿಗೆ ಚೂರೇ ಚೂರು. ಮಾವನ ಗಡ್ಡೆ ಇದ್ದದ್ದು ಆ ದೊಡ್ಡ ಜಾಗದ ಪಕ್ಕದಲ್ಲಿ.

ಮಷೀನಿನಿಂದಲೂ ಸ್ವಲ್ಪ ಕೆಲಸ ಆಗುತ್ತೆ. ಮಣಿಕಟ್ಟಿನ ನರಕ್ಕೆ ಕರೆಂಟ್ ಕೊಟ್ಟರೆ ಸುಮಾರು 20 ಮಿಲಿಸೆಕೆಂಡಿನಲ್ಲಿ ಸಿಗ್ನಲ್ ಮಿದುಳು ಮುಟ್ಟುತ್ತೆ. ನಮ್ಮ ಭಾಷೇಲಿ ಪಿಂಗ್ ಅನ್ನಿ. ಮಡಿಕೆಯ ಆಚೆ ಈಚೆ ಅಲೆ ತಲೆಕೆಳಗಾಗುತ್ತೆ, ಅದರಿಂದ ಗಡಿ ಗೊತ್ತಾಗುತ್ತೆ. ಚಲನೆಯ ಜಾಗ ಮುಟ್ಟಿದರೆ ಕೈ ಅಲ್ಲಾಡೋದು ಎಲ್ಲರಿಗೂ ಕಾಣುತ್ತೆ. ಸ್ಪರ್ಶದ ಜಾಗ ಮುಟ್ಟಿದರೆ ಹೊರಗೆ ಏನೂ ಕಾಣಲ್ಲ. ಹೆಬ್ಬೆರಳಿಗೋ, ತುಟಿಗೋ, ಏನು ಅನಿಸಿತು ಅನ್ನೋದನ್ನ ರೋಗಿಯೇ ಹೇಳಬೇಕು.

ತೊಂದರೆ ಇದ್ದದ್ದು ಇಲ್ಲೇ. ಮಾವನ ಹಿಂದಿ ಬಟ್ಟೆ ಅಂಗಡಿಗೆ ಸಾಕು, ಇದಕ್ಕೆ ಸಾಲದು. ಅಲ್ಲಿನ ತಂಡದಲ್ಲಿ ಕನ್ನಡ ಬಲ್ಲವರು ಇರಲಿಲ್ಲ. ಅರಿವಳಿಕೆ ಡಾಕ್ಟರ್ ನನ್ನನ್ನು ಕರೆದು, “ನಿಮ್ಮ ಮಾವ ಬಳಸೋ ಪದಗಳನ್ನೇ ಬರೆದುಕೊಡಿ” ಅಂದ್ರು. ಮಾವನ ಪಕ್ಕ ಕೂತು ಬರೆದೆ: ಜೋಮು, ಚುರುಚುರು, ಮರಗಟ್ಟಿದಂಗ, ಕರೆಂಟ್ ಹೊಡದಂಗ, ಇರುವೆ ಹರಿದಂಗ. ಪಕ್ಕದಲ್ಲಿ ತೆಲುಗು ಅರ್ಥ. “ಎಲ್ಲಿ? ಹೆಂಗಾಯ್ತು?” ಅಂತ ಕೇಳೋದನ್ನ ಆ ಡಾಕ್ಟರ್ ಎರಡು ಸಂಜೆ ಮಾವನ ಹತ್ತಿರವೇ ಕಲಿತರು.

ಆಪರೇಷನ್ ದಿನ ಒಂದು ಕಡೆ ಮುಟ್ಟಿದಾಗ ಮಾವ, “ಹೆಬ್ಬೆರಳಿಗೆ ಇರುವೆ ಹರಿದಂಗ ಆಗ್ಲಕತ್ತದ” ಅಂದ್ರಂತೆ. ಅಲ್ಲಿ ನಂಬರಿನ ಚೀಟಿ ಇಟ್ಟು, ಆ ಜಾಗ ಬಿಟ್ಟರು. ಅದಕ್ಕೆ ಅಂಟಿದ್ದ ಗಡ್ಡೆಯ ಚೂರೂ ಉಳಿಯಿತು. ಅದಕ್ಕೆ ರೇಡಿಯೇಷನ್ ಆಯ್ತು, ಸ್ಕ್ಯಾನ್ ಇನ್ನೂ ನಡೀತಿದೆ. ಕಿರುಬೆರಳು ಈಗಲೂ ಮರಗಟ್ಟಿದೆ. ಆದರೆ ಹೆಬ್ಬೆರಳಿಗೆ ಸೂಜಿ ಗೊತ್ತಾಗುತ್ತೆ. ಮಾವ ಮತ್ತೆ ಮಷೀನ್ ಮುಂದೆ ಕೂತಿದ್ದಾರೆ.

ನಾವೆಲ್ಲ ಊರಿಂದ ಅಪ್ಪ ಅಮ್ಮನ್ನ ಇಲ್ಲಿನ ಆಸ್ಪತ್ರೆಗಳಿಗೆ ಕರ್ಕೊಂಡು ಬರ್ತೀವಿ. ಇಂಥ ಆಪರೇಷನ್ ಅಂದರೆ ಮೊದಲೇ ಕೇಳಿ: ಒಳಗೆ ಅವರ ಜೊತೆ ಮಾತಾಡೋರು ಯಾರು, ಯಾವ ಭಾಷೇಲಿ? ಪದಗಳ ಪಟ್ಟಿ ನೀವೇ ಮಾಡಿಕೊಡಿ. ಆದರೆ ನಿಮ್ಮ ಪದ ಬೇಡ, ಅವರ ಬಾಯಲ್ಲಿ ಬರೋ ಪದ ಬರೀರಿ.